ಕ್ಯಾಟ್ ತೆಗೆಸಿದ್ರೆ ಪವರ್ ಬರತ್ತಾ? ಐವತ್ತು ವರ್ಷದ ಒಂದು ವಾದದ ಕಥೆ

ಭಾಗ 1/8 👉 ಹುಲಿ ಹಲ್ಲು ಕಳಕೊಂಡ ವರ್ಷ

ಫೋಟೋದಲ್ಲಿರೋದು 1975ರ ಷೆವರ್ಲೆ ಕಾರ್ವೆಟ್. ನೋಡೋಕೆ ಹುಲಿ. ಆದ್ರೆ ಬಾನೆಟ್ ಕೆಳಗಿದ್ದ 5.7 ಲೀಟರ್ ವಿ8 ಎಂಜಿನ್ ಕೊಡ್ತಿದ್ದದ್ದು ಬರೀ 165 ಅಶ್ವಶಕ್ತಿ. ಐದೇ ವರ್ಷ ಹಿಂದೆ, 1970ರಲ್ಲಿ, ಇದೇ ಅಳತೆಯ ಎಂಜಿನ್‌ಗೆ ಕಂಪನಿ ಬರೆದುಕೊಂಡಿದ್ದ ಅಂಕಿ 300. ಹತ್ತಿರ ಹತ್ತಿರ ಅರ್ಧ ಶಕ್ತಿ ಮಾಯ!

1975ರಲ್ಲೇ ಆ ಕಾರಿನ ಹೊಟ್ಟೆ ಕೆಳಗೆ ಹೊಸದೊಂದು ಡಬ್ಬಿ ಬಂದು ಕೂತಿತ್ತು. ಹೆಸರು ಕೆಟಲಿಟಿಕ್ ಕನ್ವರ್ಟರ್. ಜನ ಎರಡನ್ನೂ ಕೂಡಿಸಿ ಲೆಕ್ಕ ಹಾಕಿದ್ರು: ಡಬ್ಬಿ ಬಂತು, ಪವರ್ ಹೋಯ್ತು. ಹಾಗಾದ್ರೆ ಡಬ್ಬಿ ತೆಗೆದ್ರೆ ಪವರ್ ವಾಪಸ್ ಬರಬೇಕಲ್ವಾ?

ಅವತ್ತು ಹುಟ್ಟಿದ ಈ ಲೆಕ್ಕ ಇವತ್ತಿಗೂ ಸತ್ತಿಲ್ಲ. ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಎಲ್ಲಿ ನಾಲ್ಕು ಜನ ಸೇರಿದ್ರೂ ಒಬ್ರು ಕೇಳೇ ಕೇಳ್ತಾರೆ: "ಕ್ಯಾಟ್ ತೆಗೆಸಿಬಿಡ್ಲಾ?" ಒಬ್ರು "ತೆಗೆಸಿ, ಸೌಂಡೇ ಬೇರೆ" ಅಂತಾರೆ. ಇನ್ನೊಬ್ರು "ಎಮಿಷನ್ ಟೆಸ್ಟ್‌ನಲ್ಲಿ ಸಿಕ್ಕಿಬೀಳ್ತೀರ" ಅಂತಾರೆ. ಇಬ್ಬರೂ ಆ ಡಬ್ಬಿ ಅಲ್ಲಿಗೆ ಯಾಕೆ ಬಂತು, ಕಾರಿನಿಂದ ನಿಜಕ್ಕೂ ಏನನ್ನ ಕಿತ್ಕೊಳ್ತು ಅಂತ ಕೇಳೋದು ಕಡಿಮೆ.

ಈ ಸರಣಿಯಲ್ಲಿ ಅದನ್ನೇ ನೋಡೋಣ. ತೆಗೆಸಬೇಕಾ ಬೇಡ್ವಾ ಅನ್ನೋ ತೀರ್ಮಾನ ಕೊನೆಗೆ. ಮೊದಲು ಇತಿಹಾಸ. ಯಾಕಂದ್ರೆ ಇದರಲ್ಲಿ ಅರ್ಧ ತೀರ್ಮಾನ ಇತಿಹಾಸದಲ್ಲೇ ಇದೆ.

ಭಾಗ 2/8 👉 ಕಣ್ಣುರಿಯ ಊರು, ಅನಾನಸ್ ವಿಜ್ಞಾನಿ

1943ರ ಜುಲೈ. ಎರಡನೇ ಮಹಾಯುದ್ಧದ ಕಾಲ. ಅಮೆರಿಕದ ಲಾಸ್ ಏಂಜಲೀಸ್ ನಗರದ ಮೇಲೆ ಒಂದು ದಿನ ಕಂದು ಮಂಜು ಕವಿದುಕೊಳ್ತು. ಕಣ್ಣು ಉರಿ, ಗಂಟಲು ಕೆರೆತ. ಜಪಾನಿನವರು ವಿಷಾನಿಲ ಬಿಟ್ಟರೇನೋ ಅಂತ ಜನ ಹೆದರಿದ್ರು. ಆಮೇಲೆ ಹತ್ತಿರದ ಒಂದು ಕಾರ್ಖಾನೆ ಮೇಲೆ ಅನುಮಾನ ಬಂತು. ಆದ್ರೂ ಮಂಜು ಮತ್ತೆ ಮತ್ತೆ ಬರ್ತಾನೇ ಇತ್ತು.

ಗುಟ್ಟು ಬಿಡಿಸಿದವರು ಕ್ಯಾಲ್ಟೆಕ್‌ನಲ್ಲಿದ್ದ ಡಚ್ ಮೂಲದ ರಸಾಯನಶಾಸ್ತ್ರಜ್ಞ ಆರಿ ಹಾಗನ್-ಸ್ಮಿಟ್. ಅವರ ಕೆಲಸ ಅನಾನಸ್ ಹಣ್ಣಿನ ಪರಿಮಳ ಎಲ್ಲಿಂದ ಬರತ್ತೆ ಅಂತ ಹುಡುಕೋದು. ಅದೇ ವಿದ್ಯೆಯನ್ನ ಊರಿನ ಗಾಳಿಗೆ ಹಾಕಿ ನೋಡಿದ್ರು. 1950ರ ದಶಕದ ಆರಂಭದ ಹೊತ್ತಿಗೆ ಉತ್ತರ ಸಿಕ್ತು: ಪೂರ್ತಿ ಉರಿಯದ ಪೆಟ್ರೋಲಿನ ಆವಿ, ನೈಟ್ರೋಜನ್ ಆಕ್ಸೈಡ್, ಮೇಲಿಂದ ಬಿಸಿಲು. ಈ ಮೂರೂ ಸೇರಿದ್ರೆ ಓಜೋನ್ ಹುಟ್ಟತ್ತೆ. ಅದೇ ಆ ಕಣ್ಣುರಿ. ಆವಿ ಬರ್ತಿದ್ದದ್ದು ತೈಲ ಸಂಸ್ಕರಣಾ ಘಟಕಗಳಿಂದ, ಮತ್ತೆ ಊರು ತುಂಬಿದ್ದ ಕಾರುಗಳಿಂದ.

ಈಗ ಎರಡನೇ ಪಾತ್ರ: ಯೂಜೀನ್ ಹೂಡ್ರಿ, ಫ್ರಾನ್ಸಿನ ಎಂಜಿನಿಯರ್. ಮೊದಲ ಮಹಾಯುದ್ಧದಲ್ಲಿ ಟ್ಯಾಂಕ್ ಪಡೆಯಲ್ಲಿದ್ದು ಗಾಯಗೊಂಡವರು. ಕಾರ್ ರೇಸ್ ಅಂದ್ರೆ ಹುಚ್ಚು. ರೇಸ್ ಕಾರಿಗೆ ಒಳ್ಳೇ ಪೆಟ್ರೋಲ್ ಬೇಕು ಅನ್ನೋ ಹಟವೇ ಅವರನ್ನ ವೇಗವರ್ಧಕಗಳ ಕಡೆ ಎಳೀತು. ದಪ್ಪ ಎಣ್ಣೆಯಿಂದ ಉತ್ತಮ ದರ್ಜೆಯ ಪೆಟ್ರೋಲ್ ತೆಗೆಯೋ ಅವರ ವಿಧಾನ ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳ ವಿಮಾನಗಳಿಗೆ ದೊಡ್ಡ ಬಲ ಆಯ್ತು.

ಅಮೆರಿಕದಲ್ಲಿ ನೆಲೆಸಿದ್ದ ಹೂಡ್ರಿ 1950ರ ಸುಮಾರಿಗೆ ಹೊಗೆಯ ಕಡೆ ತಿರುಗಿದ್ರು. ಕಾರಿನ ಹೊಗೆಯನ್ನ ಶುದ್ಧ ಮಾಡೋ ವೇಗವರ್ಧಕದ ಡಬ್ಬಿಗೆ 1956ರಲ್ಲಿ ಪೇಟೆಂಟ್ ಸಿಕ್ತು.

ಗಮನಿಸಿ: ಕ್ಯಾಟ್ ಅನ್ನೋದನ್ನ ಕಾರು ಕಂಡ್ರೆ ಆಗದವರು ಯಾರೋ ಕಂಡುಹಿಡಿದದ್ದಲ್ಲ. ರೇಸ್ ಹುಚ್ಚಿನ ಮನುಷ್ಯನೇ ಕಂಡುಹಿಡಿದದ್ದು. 🏁

ಭಾಗ 3/8 👉 ಡಬ್ಬಿಗೆ ವಿಷ ಹಾಕ್ತಿದ್ದ ಪೆಟ್ರೋಲ್

ಹೂಡ್ರಿಯವರ ಡಬ್ಬಿ ಕೆಲಸ ಮಾಡ್ತಿತ್ತು, ಆದ್ರೆ ಬಾಳ್ತಿರಲಿಲ್ಲ. ಕಾರಣ ಸೀಸ.

1921ರಲ್ಲಿ ಜನರಲ್ ಮೋಟರ್ಸ್‌ನ ಥಾಮಸ್ ಮಿಜ್ಲಿ ಪೆಟ್ರೋಲಿಗೆ ಟೆಟ್ರಾಈಥೈಲ್ ಲೆಡ್ ಬೆರೆಸಿದ್ರೆ ಎಂಜಿನ್ ಒಳಗಿನ 'ಟಕ ಟಕ' ಬಡಿತ ನಿಲ್ಲತ್ತೆ ಅಂತ ಕಂಡುಕೊಂಡಿದ್ರು. ಬಡಿತ ನಿಂತ್ರೆ ಸಿಲಿಂಡರ್ ಒಳಗೆ ಮಿಶ್ರಣವನ್ನ ಇನ್ನೂ ಒತ್ತಬಹುದು. ಅಂದ್ರೆ ಕಂಪ್ರೆಷನ್ ಏರಿಸಬಹುದು, ಶಕ್ತಿ ಹೆಚ್ಚು ತೆಗೀಬಹುದು. 60ರ ದಶಕದ ದೈತ್ಯ ಎಂಜಿನ್‌ಗಳೆಲ್ಲ ಸೀಸದ ಪೆಟ್ರೋಲ್ ಕುಡಿದೇ ಬೆಳೆದವು.

ಆದ್ರೆ ಅದೇ ಸೀಸ ಹೊಗೆಯ ಜೊತೆ ಬಂದು ವೇಗವರ್ಧಕದ ಮೈಮೇಲೆ ಪದರವಾಗಿ ಕೂತುಬಿಡ್ತಿತ್ತು. ಸ್ವಲ್ಪ ದಿನಕ್ಕೇ ಡಬ್ಬಿ ಸತ್ತ ಹಾಗೆ. ಹೂಡ್ರಿ 1962ರಲ್ಲಿ ತೀರಿಕೊಂಡ್ರು, ತಮ್ಮ ಡಬ್ಬಿ ಕಾರುಗಳಲ್ಲಿ ಬರೋದನ್ನ ನೋಡಲೇ ಇಲ್ಲ.

ಕಾರು ಕಂಪನಿಗಳಿಗೂ ಅವಸರ ಇರಲಿಲ್ಲ. ಹೊಗೆ ನಿಯಂತ್ರಣದ ಸಾಧನಗಳು ಬೇಗ ಬರದ ಹಾಗೆ ಕಂಪನಿಗಳು ಒಳಗೊಳಗೇ ಕೈ ಜೋಡಿಸಿವೆ ಅಂತ ಅಮೆರಿಕ ಸರ್ಕಾರ 1969ರಲ್ಲಿ ಮೊಕದ್ದಮೆಯನ್ನೇ ಹೂಡ್ತು. ಅದು ಅದೇ ವರ್ಷ ರಾಜಿಯಲ್ಲಿ ಮುಗೀತು.

ಮರು ವರ್ಷ, 1970ರ ಡಿಸೆಂಬರ್ 31ಕ್ಕೆ, ಅಧ್ಯಕ್ಷ ನಿಕ್ಸನ್ ಶುದ್ಧ ಗಾಳಿ ಕಾಯ್ದೆಗೆ ಸಹಿ ಹಾಕಿದ್ರು. ಸೆನೆಟರ್ ಎಡ್ಮಂಡ್ ಮಸ್ಕಿ ಮುಂದೆ ನಿಂತು ತಂದ ಕಾಯ್ದೆ ಅದು. ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಎರಡನ್ನೂ 1975ರ ಹೊತ್ತಿಗೆ 90% ಇಳಿಸಬೇಕು ಅನ್ನೋದು ಗುರಿ. "ಆಗೋ ಮಾತಲ್ಲ" ಅಂದವು ಕಂಪನಿಗಳು. ಗಡುವು ಸ್ವಲ್ಪ ಸಡಿಲವೂ ಆಯ್ತು. ಆದ್ರೆ ಮಧ್ಯಂತರವಾಗಿ ಇಟ್ಟ ಮಿತಿಗೇ ಹೆಚ್ಚಿನ ಕಾರುಗಳಿಗೆ ಕ್ಯಾಟ್ ಬೇಕಾಗಿಬಂತು.

ಕ್ಯಾಟ್ ಬೇಕಂದ್ರೆ ಸೀಸ ಇಲ್ಲದ ಪೆಟ್ರೋಲ್ ಬೇಕು. 1974ರ ಜುಲೈ ಹೊತ್ತಿಗೆ ಅಮೆರಿಕದ ದೊಡ್ಡ ಬಂಕುಗಳಲ್ಲೆಲ್ಲ ಅದು ಸಿಗಲೇಬೇಕು ಅಂತ ಆಜ್ಞೆ ಆಯ್ತು. ಈ ಸಾಲನ್ನ ನೆನಪಿಟ್ಟುಕೊಳ್ಳಿ, ಕೊನೇ ಭಾಗದಲ್ಲಿ ಮತ್ತೆ ಬರತ್ತೆ.

ಭಾಗ 4/8 👉 ಕಾರ್ವೆಟ್‌ನ ಲೆಕ್ಕ ಬಿಡಿಸೋಣ

300ರಿಂದ 165. ಒಟ್ಟು 135 ಅಶ್ವಶಕ್ತಿ ಹೋಯ್ತು. ಯಾರು ತಗೊಂಡ್ರು? ವರ್ಷ ವರ್ಷ ನೋಡಿ.

🔸 1970: 300. ಕಂಪ್ರೆಷನ್ 10.25.

🔸 1971: 270. ಸೀಸ ಹೋಗೋ ಕಾಲ ಬರ್ತಿದೆ ಅಂತ ಜನರಲ್ ಮೋಟರ್ಸ್ ಮೊದಲೇ ತಯಾರಾಗಿ ಕಂಪ್ರೆಷನ್ ಅನ್ನ 8.5ಕ್ಕೆ ಇಳಿಸ್ತು. 30 ಹೋಯ್ತು. ಕ್ಯಾಟ್ ಇನ್ನೂ ಹುಟ್ಟೇ ಇಲ್ಲ.

🔸 ಅದೇ 1971ರ ಎಂಜಿನ್, ಹೊಸ ಅಳತೆಯಲ್ಲಿ: 210. ಇದೇ ದೊಡ್ಡ ತಮಾಷೆ. ಹಳೇ ಪದ್ಧತಿಯಲ್ಲಿ ಎಂಜಿನ್ ಅನ್ನ ಬೆಂಚ್ ಮೇಲೆ ಬಿಚ್ಚಿಟ್ಟು, ಸೈಲೆನ್ಸರ್, ಏರ್ ಫಿಲ್ಟರ್, ಫ್ಯಾನು ಯಾವುದೂ ಇಲ್ಲದೆ ಅಳೀತಿದ್ರು. ಹೊಸ 'ನೆಟ್' ಪದ್ಧತಿಯಲ್ಲಿ ಕಾರಿನಲ್ಲಿ ಇರೋ ಹಾಗೇ ಎಲ್ಲ ಜೋಡಿಸಿ ಅಳೀಬೇಕು. 1972ರಿಂದ ಅದೇ ವಾಡಿಕೆ ಆಯ್ತು. 60 ಅಶ್ವಶಕ್ತಿ ಕಾಗದದ ಮೇಲೆ ಹೋಯ್ತು, ರಸ್ತೆ ಮೇಲೆ ಒಂದೂ ಹೋಗಲಿಲ್ಲ.

🔸 1974: 195. ಹೊಗೆ ಕಡಿಮೆ ಮಾಡೋಕೆ ಮಾಡಿದ ಬೇರೆ ಬೇರೆ ಬದಲಾವಣೆಗಳ ಹೊಡೆತ. ಕ್ಯಾಟ್ ಇನ್ನೂ ಇಲ್ಲ.

🔸 1975: 165. ಈಗ ಕ್ಯಾಟ್ ಬಂತು.

ಅಂದ್ರೆ 135ರಲ್ಲಿ 105 ಕ್ಯಾಟ್ ಬರೋ ಮೊದಲೇ ಹೋಗಿತ್ತು. ಕ್ಯಾಟ್ ಬಂದ ವರ್ಷ ಹೋದದ್ದು 30.

ಆ 30 ಸುಳ್ಳಲ್ಲ, ಸಣ್ಣದೂ ಅಲ್ಲ. 1974ರ ತನಕ ಕಾರ್ವೆಟ್‌ನ ಎರಡೂ ಬದಿಯ ಸಿಲಿಂಡರ್‌ಗಳಿಗೆ ಬೇರೆ ಬೇರೆ ಹೊಗೆ ಪೈಪ್ ಇತ್ತು. 1975ರಲ್ಲಿ ಎರಡನ್ನೂ ಸೇರಿಸಿ ಒಂದೇ ಕ್ಯಾಟ್ ಒಳಗೆ ತೂರಿಸಿ, ಆಮೇಲೆ ಮತ್ತೆ ಎರಡು ಸೈಲೆನ್ಸರ್‌ಗೆ ಹಂಚಿದ್ರು. ಎರಡು ಬಾಗಿಲಿನ ಜನ ಒಂದೇ ಕಿಂಡಿಯಲ್ಲಿ ನುಗ್ಗಿದ ಹಾಗೆ. ಮೇಲಾಗಿ ಆ ಕ್ಯಾಟ್ ಒಳಗಿದ್ದದ್ದು ಪ್ಲಾಟಿನಂ, ಪಲಾಡಿಯಂ ಲೇಪಿಸಿದ ಸಣ್ಣ ಗುಂಡುಗಳ ರಾಶಿ. ಹೊಗೆ ಅದರ ಸಂದಿಯಲ್ಲಿ ನುಸುಳಿ ಹೋಗಬೇಕು.

ಹಾಗಿದ್ರೂ ಮರು ವರ್ಷ, 1976ರಲ್ಲಿ, ಅದೇ ಎಂಜಿನ್ 180ಕ್ಕೆ ಏರ್ತು. ಕ್ಯಾಟ್ ಇದ್ದ ಹಾಗೇ!

ಭಾಗ 5/8 👉 'ಟೆಸ್ಟ್ ಪೈಪ್' ಕಾಲ

ಆದ್ರೆ ಈ ಲೆಕ್ಕ ಬಿಡಿಸಿ ನೋಡೋ ತಾಳ್ಮೆ 1975ರಲ್ಲಿ ಯಾರಿಗಿತ್ತು? ಅಂಗಡಿಗಳಲ್ಲಿ 'ಟೆಸ್ಟ್ ಪೈಪ್' ಅಂತ ಮಾರಾಟಕ್ಕೆ ಬಂತು. ಕ್ಯಾಟ್ ಇದ್ದ ಜಾಗಕ್ಕೆ ಸರಿಯಾಗಿ ಕೂರೋ ಒಂದು ನೇರ ಪೈಪ್, ಅಷ್ಟೇ. "ಪರೀಕ್ಷೆಗೆ ಮಾತ್ರ" ಅನ್ನೋದು ಹೆಸರಿಗೆ. ಹಾಕಿದ ಮೇಲೆ ಯಾರೂ ಬಿಚ್ತಿರಲಿಲ್ಲ. ಕೆಲವರು ಕ್ಯಾಟ್‌ನ ಮುಚ್ಚಳ ಬಿಚ್ಚಿ ಒಳಗಿನ ಗುಂಡುಗಳನ್ನೇ ಸುರಿದುಬಿಡ್ತಿದ್ರು. ಹೊರಗಿಂದ ನೋಡಿದ್ರೆ ಡಬ್ಬಿ ಇದೆ, ಒಳಗೆ ಖಾಲಿ.

ಇನ್ನೂ ಒಂದು ಚಾಲಾಕಿ ನಡೀತಿತ್ತು. ಸೀಸದ ಪೆಟ್ರೋಲ್ ಹಾಕದಿರಲಿ ಅಂತ ಹೊಸ ಕಾರುಗಳ ಟ್ಯಾಂಕ್ ಬಾಯಿ ಸಣ್ಣದು ಮಾಡಿದ್ರು. ಸೀಸದ ಪೆಟ್ರೋಲ್ ಅಗ್ಗ ಅಂತ ಜನ ಆ ಬಾಯಿ ಒಡೆದೋ, ಆಲಿಕೆ ಇಟ್ಟೋ ತುಂಬಿಸ್ತಿದ್ರು. ಕ್ಯಾಟ್ ತಾನಾಗೇ ಸಾಯ್ತಿತ್ತು.

ಕಾನೂನು ನಿಧಾನಕ್ಕೆ ಹಿಂದೆ ಬಂತು. ಮೊದಲು ತಯಾರಕರಿಗೆ, ಡೀಲರ್‌ಗಳಿಗೆ ಮಾತ್ರ ನಿಷೇಧ. 1977ರ ತಿದ್ದುಪಡಿಯಲ್ಲಿ ಗ್ಯಾರೇಜ್‌ನವರೂ ಸೇರಿದ್ರು. ಮಾಲೀಕ ತನ್ನ ಕೈಯಾರೆ ತೆಗೆದ್ರೂ ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ತಪ್ಪು ಅಂತಾದದ್ದು 1990ರ ತಿದ್ದುಪಡಿಯಲ್ಲಿ.

ಇಷ್ಟರೊಳಗೆ ಡಬ್ಬಿಯೇ ಬದಲಾಗ್ತಿತ್ತು. ಕಾರ್ನಿಂಗ್ ಕಂಪನಿಯ ಎಂಜಿನಿಯರ್‌ಗಳು ಜೇನುಗೂಡಿನ ಹಾಗೆ ಸಾವಿರಾರು ನೇರ ಕಿಂಡಿಗಳಿರೋ ಸೆರಾಮಿಕ್ ಅಚ್ಚು ಮಾಡಿದ್ರು. ಗುಂಡುಗಳ ರಾಶಿಗಿಂತ ಇದರಲ್ಲಿ ಹೊಗೆ ಸಲೀಸು. ಎಂಗಲ್‌ಹಾರ್ಡ್ ಕಂಪನಿಯ ಜಾನ್ ಮೂನಿ, ಕಾರ್ಲ್ ಕೀತ್ ಮತ್ತವರ ತಂಡ ನೈಟ್ರೋಜನ್ ಆಕ್ಸೈಡ್ ಅನ್ನೂ ಸೇರಿಸಿ ಮೂರೂ ವಿಷಗಳನ್ನ ಒಂದೇ ಡಬ್ಬಿಯಲ್ಲಿ ಮುರಿಯೋ ವೇಗವರ್ಧಕ ತಂದಿತು.

ಈ ಮೂರರ ಡಬ್ಬಿಗೆ ಒಂದು ಶರತ್ತು: ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ, ಹೆಚ್ಚುಕಡಿಮೆ ಕರಾರುವಾಕ್ಕಾಗಿ. ಕಾರ್ಬ್ಯುರೇಟರ್‌ಗೆ ಇದು ಸುಲಭದ ಕೆಲಸ ಅಲ್ಲ. ಅದಕ್ಕೆ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನ ಅಳೆದು ಹೇಳೋ ಸೆನ್ಸರ್ ಬೇಕಾಯ್ತು. ಬಾಷ್ ತಯಾರಿಸಿದ ಆ ಲ್ಯಾಂಬ್ಡಾ ಸೆನ್ಸರ್ ಜೊತೆ ವೋಲ್ವೋ 1976ರಲ್ಲಿ ಕ್ಯಾಲಿಫೋರ್ನಿಯಾಗೆ ಕಾರು ಕಳಿಸ್ತು.

ಇಲ್ಲಿಂದ ಕಥೆ ತಿರುಗತ್ತೆ.

ಭಾಗ 6/8 👉 ಪೋರ್ಷೆ 911: ಒಂದೇ ಕಾರು, ಎರಡು ಹೊಗೆ

ಕ್ಯಾಟ್ ಇದ್ರೆ ಎಷ್ಟು ಹೋಗತ್ತೆ, ಇಲ್ದಿದ್ರೆ ಎಷ್ಟು ಉಳಿಯತ್ತೆ ಅಂತ ಅಕ್ಕಪಕ್ಕ ಇಟ್ಟು ನೋಡೋಕೆ ಪೋರ್ಷೆ 911ಗಿಂತ ಒಳ್ಳೇ ಉದಾಹರಣೆ ಸಿಗಲ್ಲ.

1984ರ ಮಾದರಿಯಾಗಿ 3.2 ಲೀಟರ್ ಕರೇರಾ ಬಂತು. ಯುರೋಪಿಗೆ ಕ್ಯಾಟ್ ಇಲ್ಲದೆ: 231 ಅಶ್ವಶಕ್ತಿ. ಅಮೆರಿಕಕ್ಕೆ ಕ್ಯಾಟ್ ಜೊತೆ: 207. ವ್ಯತ್ಯಾಸ 24. ಆದ್ರೆ ಇಲ್ಲೂ ಪೂರ್ತಿ ಬೈಗುಳ ಕ್ಯಾಟ್‌ಗೆ ಸಲ್ಲಲ್ಲ. ಯುರೋಪಿನ ಎಂಜಿನ್‌ನ ಕಂಪ್ರೆಷನ್ 10.3, ಅಮೆರಿಕದ್ದು 9.5. ಅಲ್ಲಿ ಸಿಗ್ತಿದ್ದ ಸೀಸ ಇಲ್ಲದ ಪೆಟ್ರೋಲಿಗೆ ಒಗ್ಗೋ ಹಾಗೆ ಇಳಿಸಿದ್ದು. ಅಂಥ ಕಾರಿನಿಂದ ಕ್ಯಾಟ್ ಕಿತ್ತು ಹಾಕಿದ್ರೂ ಅದು ಯುರೋಪಿನ ಕಾರು ಆಗ್ತಿರಲಿಲ್ಲ, ಪಿಸ್ಟನ್ ಬದಲಾಗಲ್ವಲ್ಲ.

1987ಕ್ಕೆ ಎಂಜಿನ್ ಕಂಪ್ಯೂಟರ್ ಸುಧಾರಿಸಿದ ಮೇಲೆ ಕ್ಯಾಟ್ ಇರೋ ಕಾರು 217ಕ್ಕೆ ಬಂತು. ವ್ಯತ್ಯಾಸ 14ಕ್ಕೆ ಇಳೀತು.

1989ರ ಮಾದರಿಯಾಗಿ 964 ಅನ್ನೋ ಹೊಸ 911. 3.6 ಲೀಟರ್, ಪ್ರತಿ ಸಿಲಿಂಡರ್‌ಗೆ ಎರಡು ಸ್ಪಾರ್ಕ್ ಪ್ಲಗ್, ಬಡಿತ ಶುರುವಾದ್ರೆ ತಕ್ಷಣ ಹೇಳೋ ನಾಕ್ ಸೆನ್ಸರ್. ಕಂಪ್ರೆಷನ್ 11.3! ಕ್ಯಾಟ್ ಇದ್ದೂ 250 ಅಶ್ವಶಕ್ತಿ. ಕ್ಯಾಟ್ ಇಲ್ಲದ ಹಳೇ ಯುರೋಪಿನ ಕಾರನ್ನೇ ಹಿಂದೆ ಹಾಕ್ತು. ಎಂಜಿನ್ ದೊಡ್ಡದಾಗಿತ್ತು, ನಿಜ. ಆದ್ರೆ ಸೀಸ ಇಲ್ಲದ ಪೆಟ್ರೋಲಿನಲ್ಲಿ 11.3 ಕಂಪ್ರೆಷನ್ ಅನ್ನೋದು 1975ರವರಿಗೆ ಕನಸು.

ಇದು ಸಾಧ್ಯ ಆದದ್ದು ಹೇಗೆ? ಕ್ಯಾಟ್ ಬದುಕಬೇಕಂದ್ರೆ ಮಿಶ್ರಣ ಕರಾರುವಾಕ್ಕಾಗಿರಬೇಕು. ಹಾಗಾಗಿ ಕಂಪನಿಗಳು ಸೆನ್ಸರ್, ಇಂಜೆಕ್ಷನ್, ಕಂಪ್ಯೂಟರ್ ಕಡೆ ಹೋಗಲೇಬೇಕಾಯ್ತು. ಎಂಜಿನ್ ತನ್ನ ಉಸಿರನ್ನ ತಾನೇ ಅಳೆದುಕೊಳ್ಳೋದು ಕಲೀತು. ಹಾಗೆ ಕಲಿತದ್ದೇ ಶಕ್ತಿಯನ್ನೂ ವಾಪಸ್ ತಂತು. 70ರ ದಶಕದಲ್ಲಿ ಶಕ್ತಿ ತಿಂದ ಕಳ್ಳ ಅಂತ ಹೆಸರು ಪಡೆದ ಡಬ್ಬಿ, 80ರ ದಶಕದಲ್ಲಿ ಎಂಜಿನ್‌ಗಳಿಗೆ ಮೇಷ್ಟ್ರಾಯ್ತು.

ಭಾಗ 7/8 👉 ತೆಗೆಯೋದಕ್ಕೆ ನ್ಯಾಯ ಇರೋ ಒಂದು ಕೇಸು

"ಹಾಗಾದ್ರೆ ಕ್ಯಾಟ್ ತೆಗೆದವರೆಲ್ಲ ದಡ್ಡರಾ?" ಅಲ್ಲ. ಅವರ ಕಡೆಯ ವಾದವನ್ನೂ ಸರಿಯಾಗಿ ಕೇಳೋಣ.

ಟೊಯೋಟಾ ಎಂಆರ್2, ಮೂರನೇ ತಲೆಮಾರು, 1999ರಿಂದ. ಎಂಜಿನ್ ಸೀಟಿನ ಹಿಂದೆ, 1.8 ಲೀಟರ್. ಇದಕ್ಕೆ ಮುಖ್ಯ ಕ್ಯಾಟ್ ಅಲ್ಲದೆ, ಸಿಲಿಂಡರ್ ಪಕ್ಕದ ಮ್ಯಾನಿಫೋಲ್ಡ್ ಒಳಗೇ ಎರಡು ಚಿಕ್ಕ ಕ್ಯಾಟ್‌ಗಳಿದ್ದವು. ಕ್ಯಾಟ್ ಕೆಲಸ ಶುರು ಮಾಡೋಕೆ 250-300 ಡಿಗ್ರಿ ಬಿಸಿ ಬೇಕು. ಎಂಜಿನ್‌ಗೆ ಹತ್ತಿರ ಇದ್ರೆ ಬೇಗ ಕಾಯತ್ತೆ, ಬೆಳಗಿನ ತಣ್ಣನೆ ಸ್ಟಾರ್ಟ್‌ನ ಹೊಗೆಯೂ ಶುದ್ಧ ಆಗತ್ತೆ. ಒಳ್ಳೇ ಯೋಚನೆ.

ಆದ್ರೆ ಮೊದಲ ವರ್ಷಗಳ ಈ ಎಂಜಿನ್‌ಗಳಿಗೆ ಆಯಿಲ್ ಕುಡಿಯೋ ರೋಗ ಇತ್ತು. ಆಯಿಲ್ ಉರಿದ ಹೊಗೆಗೆ ಆ ಚಿಕ್ಕ ಕ್ಯಾಟ್‌ಗಳು ಪುಡಿಯಾಗ್ತಿದ್ದವು, ಸೆರಾಮಿಕ್ ಚೂರುಗಳು ವಾಪಸ್ ಸಿಲಿಂಡರ್ ಒಳಗೆ ಹೋಗಿ ಎಂಜಿನ್ ಹಾಳಾಗ್ತಿತ್ತು. ಆಯಿಲ್ ರೋಗ ಮೊದಲೋ ಕ್ಯಾಟ್ ಪುಡಿ ಮೊದಲೋ ಅಂತ ಮಾಲೀಕರಲ್ಲಿ ಇವತ್ತಿಗೂ ಜಗಳ ಇದೆ. ತುಂಬ ಜನ ಆ ಎರಡು ಚಿಕ್ಕವನ್ನ ತೆಗೆದು, ಮುಖ್ಯ ಕ್ಯಾಟ್ ಮಾತ್ರ ಉಳಿಸಿಕೊಂಡ್ರು. ಅವರಿಗೆ ಬೇಕಿದ್ದದ್ದು ಸೌಂಡ್ ಅಲ್ಲ, ಎಂಜಿನ್ ಬದುಕಬೇಕಿತ್ತು. ಕಾನೂನು ಇದನ್ನ ಒಪ್ಪತ್ತೆ ಅಂತಲ್ಲ. ಆದ್ರೆ ಆ ವಾದಕ್ಕೆ ತೂಕ ಇದೆ.

ಉಳಿದ ವಾದಗಳನ್ನೂ ತೂಗೋಣ:

⚖️ ಪವರ್: ಟರ್ಬೋ ಇಲ್ಲದ ಇವತ್ತಿನ ಕಾರಿನಲ್ಲಿ ಕ್ಯಾಟ್ ತೆಗೆದ್ರೆ ಸಿಗೋದು ಸಾಮಾನ್ಯವಾಗಿ ಅಲ್ಪ. ಟರ್ಬೋ ಕಾರಿನಲ್ಲಿ ಹೆಚ್ಚು, ಯಾಕಂದ್ರೆ ಟರ್ಬೋ ಆಚೆ ಒತ್ತಡ ಕಡಿಮೆಯಾದಷ್ಟೂ ಅದು ಚುರುಕು. ಪೂರ್ತಿ ಲಾಭಕ್ಕೆ ಕಂಪ್ಯೂಟರ್ ಕೂಡ ಟ್ಯೂನ್ ಮಾಡಿಸಬೇಕು.

⚖️ ಮಧ್ಯದ ದಾರಿ: ದೊಡ್ಡ ಕಿಂಡಿಗಳ, ಲೋಹದ ಜೇನುಗೂಡಿನ ಸ್ಪೋರ್ಟ್ಸ್ ಕ್ಯಾಟ್. ಪವರ್ ಲಾಭದ ಬಹುಪಾಲು ಸಿಗತ್ತೆ. ಶುದ್ಧಿ ಕಂಪನಿಯ ಕ್ಯಾಟ್‌ನಷ್ಟು ಇರಲ್ಲ, ಆದ್ರೆ ಖಾಲಿ ಪೈಪ್‌ಗಿಂತ ಎಷ್ಟೋ ಮೇಲು.

⚖️ ಕಟ್ಟಿಕೊಂಡ ಕ್ಯಾಟ್: ಕ್ಯಾಟ್ ಕರಗಿ ಮುಚ್ಚಿಹೋದ್ರೆ ಪಿಕಪ್ ನಿಜಕ್ಕೂ ಸಾಯತ್ತೆ. ಆಗ ತೆಗೆದ್ರೆ "ಆಹಾ, ಏನು ಪವರ್!" ಅನಿಸತ್ತೆ. ಆದ್ರೆ ಕ್ಯಾಟ್ ತಾನಾಗಿ ಕರಗಲ್ಲ. ಮಿಸ್‌ಫೈರ್, ಹೆಚ್ಚು ಪೆಟ್ರೋಲ್, ಉರಿಯೋ ಆಯಿಲ್, ಕಾಯಿಲೆ ಅಲ್ಲಿದೆ.

⚖️ ಚೆಕ್ ಎಂಜಿನ್ ಲೈಟ್: ಈಗಿನ ಕಾರಲ್ಲಿ ಕ್ಯಾಟ್‌ಗೆ ಮುಂದೊಂದು ಹಿಂದೊಂದು ಸೆನ್ಸರ್ ಇರತ್ತೆ. ಕ್ಯಾಟ್ ಇಲ್ಲ ಅಂತ ಕಾರೇ ಹೇಳಿಬಿಡತ್ತೆ.

ಭಾಗ 8/8 👉 ನಮ್ಮೂರಿಗೆ ಬಂದ ಡಬ್ಬಿ, ಮತ್ತೆ ತೀರ್ಮಾನ

ನಮ್ಮ ದೇಶಕ್ಕೆ ಕ್ಯಾಟ್ ಬಂದದ್ದು 1995ರ ಏಪ್ರಿಲ್‌ನಲ್ಲಿ. ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈ, ಈ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯ. ಅದರ ಜೊತೆಗೇ ಸೀಸ ಇಲ್ಲದ ಪೆಟ್ರೋಲ್. ಬೆಂಗಳೂರು ಆ ಮೊದಲ ಪಟ್ಟಿಯಲ್ಲಿ ಇರಲಿಲ್ಲ. 2000ದ ಫೆಬ್ರವರಿಯಲ್ಲಿ ಇಡೀ ದೇಶದ ಬಂಕುಗಳಿಂದ ಸೀಸದ ಪೆಟ್ರೋಲ್ ಹೋಯ್ತು. 2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ 6.

ಈಗ ಮೂರನೇ ಭಾಗದ ಸಾಲಿಗೆ ವಾಪಸ್ ಬನ್ನಿ. ಅಮೆರಿಕದ ಬಂಕುಗಳಿಗೆ ಸೀಸ ಇಲ್ಲದ ಪೆಟ್ರೋಲ್ ಬಂದ ದೊಡ್ಡ ಕಾರಣ ಕ್ಯಾಟ್ ಸಾಯಬಾರದು ಅನ್ನೋದು. ಉಳಿದದ್ದು ಮನುಷ್ಯರೂ. 1976ರಿಂದ 1980ರೊಳಗೆ ಅಲ್ಲಿನ ಜನರ ರಕ್ತದಲ್ಲಿದ್ದ ಸೀಸ ಸರಾಸರಿ 37% ಇಳೀತು, ಪೆಟ್ರೋಲಿನ ಸೀಸ ಇಳಿದ ಜೊತೆ ಜೊತೆಗೇ. ಸೀಸ ಅಂದ್ರೆ ಮಕ್ಕಳ ಮೆದುಳಿಗೆ ನೇರ ಪೆಟ್ಟು. 2021ರಲ್ಲಿ ಅಲ್ಜೀರಿಯಾ ಬಿಟ್ಟ ಮೇಲೆ ಜಗತ್ತಿನ ಯಾವ ಬಂಕಿನಲ್ಲೂ ಕಾರಿಗೆ ಸೀಸದ ಪೆಟ್ರೋಲ್ ಇಲ್ಲ. ಒಂದು ಡಬ್ಬಿಯಿಂದ ಶುರುವಾದ ದಾರಿ ಇಲ್ಲಿವರೆಗೆ ಬಂತು.

ಕಾನೂನು? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ರೂಪವನ್ನ ಬದಲಾಯಿಸೋದನ್ನ ತಡೆಯತ್ತೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನ ಗಟ್ಟಿಯಾಗೇ ಹೇಳ್ತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಆದ್ರೆ ದಂಡಕ್ಕಿಂತ ಸುಲಭದ ಲೆಕ್ಕ ಒಂದಿದೆ. ಬಿಸಿಯಾದ ಒಳ್ಳೇ ಕ್ಯಾಟ್ ವಿಷದ 90%ಗಿಂತ ಹೆಚ್ಚನ್ನ ಮುರಿಯತ್ತೆ. ಅಂದ್ರೆ ಕ್ಯಾಟ್ ತೆಗೆದ ಒಂದು ಕಾರು ಹತ್ತು ಕಾರಿನಷ್ಟು, ಅದಕ್ಕಿಂತಲೂ ಹೆಚ್ಚು, ಹೊಗೆ ಬಿಡತ್ತೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಆ ಕಾರಿನ ಹಿಂದೆ ಸ್ಕೂಟರ್ ಮೇಲೆ ಮಗುವನ್ನ ಮುಂದೆ ನಿಲ್ಲಿಸಿಕೊಂಡವರು ಇರ್ತಾರೆ. ನಿಮಗೆ ಸಿಕ್ಕಿದ್ದು ನಾಲ್ಕೈದು ಅಶ್ವಶಕ್ತಿ, ಅವರಿಗೆ ಸಿಕ್ಕಿದ್ದು ಉಳಿದದ್ದೆಲ್ಲ.

ನನ್ನ ತೀರ್ಮಾನ ಇಷ್ಟು. 1975ರ ಕಾರ್ವೆಟ್ ಮಾಲೀಕನ ಸಿಟ್ಟಿಗೆ ಅರ್ಥ ಇತ್ತು. ಡಬ್ಬಿ ಒರಟಾಗಿತ್ತು, ಪೈಪ್ ಒಂದೇ ಇತ್ತು, 30 ಅಶ್ವಶಕ್ತಿ ನಿಜಕ್ಕೂ ಹೋಗಿತ್ತು. ಆ ಸಿಟ್ಟನ್ನ ನಾವು ಪಿತ್ರಾರ್ಜಿತ ಆಸ್ತಿ ಹಾಗೆ ಉಳಿಸಿಕೊಂಡಿದ್ದೀವಿ, ಡಬ್ಬಿ ಮಾತ್ರ ಯಾವತ್ತೋ ಬದಲಾಗಿದೆ. ಟ್ರ್ಯಾಕ್‌ಗೆ ಮಾತ್ರ ಟ್ರೇಲರ್ ಮೇಲೆ ಹೋಗೋ ಕಾರಾದ್ರೆ ಅಲ್ಲಿನ ನಿಯಮ ನೋಡಿ ಯೋಚಿಸಿ. ರಸ್ತೆ ಕಾರಾದ್ರೆ ಕ್ಯಾಟ್ ಇರಲಿ. ಅದು ಕೆಟ್ಟಿದ್ರೆ ಕೆಟ್ಟ ಕಾರಣ ಹುಡುಕಿ ಸರಿ ಮಾಡಿಸಿ, ಆಮೇಲೆ ಹೊಸ ಕ್ಯಾಟ್ ಹಾಕ್ಸಿ.

ನಿಮ್ಮ ಲೆಕ್ಕ ಬೇರೆ ಇದ್ರೆ ಕೆಳಗೆ ಬರೀರಿ, ಅಂಕಿ ಸಮೇತ. ಕ್ಯಾಟ್ ತೆಗೆಸೋಕೆ ಗ್ಯಾರೇಜ್‌ಗೆ ಹೊರಟಿರೋ ಗೆಳೆಯರಿಗೆ ಇದನ್ನ ಕಳಿಸಿ. 🙏

#ಕಾರಿನಕಥೆ #ಕನ್ನಡದಲ್ಲಿಕಾರು #ಇತಿಹಾಸ #ಕಾರ್ವೆಟ್ #ಪೋರ್ಷೆ911 #ಎಂಆರ್2 #ಶುದ್ಧಗಾಳಿ